ಬಾಯ್ಲ್ಡಾ, ಬೆಳ್ತಿಗೆಯಾ?

ಮಂಗಳೂರಲ್ಲಿ ಫಿಶ್ ಊಟದ ಹೋಟೆಲಿಗೆ ಹೋಗಿ ಕೂತ್ರೆ ಸಪ್ಲೈಯರ್ ಮೊದಲು ಕೇಳೋದೇ "ಬಾಯ್ಲ್ಡಾ ವೈಟಾ?" ಅಂತ. ಬೆಂಗಳೂರಿಂದ ಬಂದಿದ್ದ ನನ್ನ ಫ್ರೆಂಡ್ ಒಬ್ಬ ಹಂಪನಕಟ್ಟೆ ಹತ್ರ ಹೀಗೇ ಕೂತಾಗ "ಬಾಯ್ಲ್ ಮಾಡಿದ್ದೇ ಕೊಡಿ, ಬೇಯಿಸದ್ದು ಯಾರು ತಿಂತಾರೆ" ಅಂದ. ಸಪ್ಲೈಯರ್ ನಗ್ಲೂ ಇಲ್ಲ, ದಪ್ಪ ದಪ್ಪ ಕುಚ್ಚಲಕ್ಕಿ ಅನ್ನ ತಂದು ಹಾಕಿ ಹೋದ. ಇವನು ಎರಡು ತುತ್ತು ತಿಂದು ನನ್ನ ಕಿವಿಯಲ್ಲಿ ಮೆಲ್ಲಗೆ, "ಇದು ಇನ್ನೂ ಬೆಂದೇ ಇಲ್ಲ ಮಾರಾಯ."

ನಿಜ ಹೇಳ್ಬೇಕಂದ್ರೆ ಅದು ಎರಡು ಸಲ ಬೆಂದ ಅಕ್ಕಿ.

ಮೊದಲ ಸಲ ಬೇಯೋದು ಸಿಪ್ಪೆಯೊಳಗೆ ಇರುವಾಗ. ಅಜ್ಜಿ ಮನೆಯಲ್ಲಿ ಭತ್ತ ನೆನೆಹಾಕಿ ದೊಡ್ಡ ಹಂಡೆಯಲ್ಲಿ ಬೇಯಿಸ್ತಿದ್ರು, ಕೆಲವು ಭತ್ತ ಬಾಯಿ ಬಿಟ್ಟು ಒಳಗಿನ ಅಕ್ಕಿ ಚೂರು ಕಂಡ್ರೆ ಸಾಕು, ಬೆಂಕಿ ಎಳೀತಿದ್ರು. ಆಮೇಲೆ ಅಂಗಳದಲ್ಲಿ ಹರಡಿ ನಮ್ಮಂಥ ಮಕ್ಕಳನ್ನು ಬಿಡೋದು, ಕಾಲಲ್ಲಿ ಗೆರೆ ಎಳೀತಾ ನಡೆಯೋದೇ ನಮ್ಮ ಕೆಲಸ. ಒಣಗಿದ ಮೇಲೆ ಮಿಲ್ಲಿಗೆ. ಬೆಳ್ತಿಗೆ, ಅಂದ್ರೆ ಸಪ್ಲೈಯರ್ ಹೇಳಿದ ವೈಟ್ ಅಕ್ಕಿ, ಅದಕ್ಕೆ ಇದು ಯಾವುದೂ ಇಲ್ಲ, ಹಸಿ ಭತ್ತ ಒಣಗಿಸಿ ಸೀದಾ ಮಿಲ್ಲು.

ಆ ಹಂಡೆಯೊಳಗೆ ಎಂತ ಆಗ್ತದೆ ಅಂದ್ರೆ, ಅಕ್ಕಿಯಲ್ಲಿ ಪಿಷ್ಟ ಸಣ್ಣ ಸಣ್ಣ ಕಣವಾಗಿ ಒತ್ತೊತ್ತಾಗಿ ಕೂತಿರ್ತದೆ, ನೀರು ಸಿಕ್ಕಿ ಬಿಸಿ ಸುಮಾರು 70 ಡಿಗ್ರಿ ಮುಟ್ಟಿದಾಗ ಆ ಕಣಗಳು ಉಬ್ಬಿ ಒಂದಕ್ಕೊಂದು ಅಂಟಿ ಗೋಂದಿನ ಹಾಗೆ ಆಗ್ತವೆ, ಕಾಳಿನೊಳಗಿನ ಸಣ್ಣ ಬಿರುಕುಗಳೆಲ್ಲ ಮುಚ್ಚಿಕೊಳ್ತವೆ. ಒಣಗಿದ ಮೇಲೆ ಕಾಳು ಗಾಜಿನ ಹಾಗೆ ಗಟ್ಟಿ. ಮಿಲ್ಲಿನಲ್ಲಿ ನುಚ್ಚು ಕಡಿಮೆ ಬರೋದು ಇದಕ್ಕೇ. ಮನೆಯಲ್ಲಿ ಮತ್ತೆ ಬೇಯೋಕೆ ಗ್ಯಾಸ್ ಖಾಲಿ ಮಾಡೋದೂ ಇದಕ್ಕೇ, ಬಿರುಕು ಇಲ್ಲದ ಕಾಳಿನೊಳಗೆ ನೀರು ನಿಧಾನಕ್ಕೇ ಇಳಿಯೋದು.

ಇನ್ನೊಂದು ವಿಷಯ ನಂಗೆ ತುಂಬಾ ಇಷ್ಟ. ಅಕ್ಕಿಯ ಬಿ1 ವಿಟಮಿನ್ ಹೆಚ್ಚಿಗೆ ಇರೋದು ಹೊರಗಿನ ತೌಡಿನ ಪದರದಲ್ಲಿ, ಮೊಳಕೆ ಭಾಗದಲ್ಲಿ. ಇದು ನೀರಲ್ಲಿ ಕರಗ್ತದೆ, ಹಾಗಾಗಿ ಭತ್ತ ನೆನೆದು ಬೇಯುವಾಗ ನೀರಿನ ಜೊತೆ ಸ್ವಲ್ಪ ಒಳಗೂ ಇಳೀತದೆ. ಆಮೇಲೆ ಪಾಲಿಶ್ ಮಾಡಿ ತೌಡು ತೆಗೆದ್ರೂ ಒಳಗೆ ಇಳಿದದ್ದು ಅಲ್ಲೇ ಉಳೀತದೆ. 1905ರ ಸುಮಾರಿಗೆ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಅನ್ನೋ ಡಾಕ್ಟರ್ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಪಾಲಿಶ್ ಮಾಡಿದ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತದವರು ತಿನ್ನೋ ಥರದ ಕುಚ್ಚಲಕ್ಕಿ ಕೊಟ್ಟ. ಬಿಳಿ ಅಕ್ಕಿಯವರಲ್ಲಿ ತುಂಬಾ ಜನಕ್ಕೆ ಬೆರಿಬೆರಿ, ಅಂದ್ರೆ ಬಿ1 ಕಡಿಮೆಯಾದ್ರೆ ಬರೋ ಕಾಯಿಲೆ, ಬಂತು, ಕೆಲವರು ಸತ್ತೂ ಹೋದ್ರು, ಕುಚ್ಚಲಕ್ಕಿಯವರಿಗೆ ಹೆಚ್ಚುಕಡಿಮೆ ಏನೂ ಆಗ್ಲಿಲ್ಲ. ಈಗ ಆದ್ರೆ ಇಂಥ ಪ್ರಯೋಗಕ್ಕೆ ಯಾರೂ ಪರ್ಮಿಶನ್ ಕೊಡ್ಲಿಕ್ಕಿಲ್ಲ ಬಿಡಿ. ವಿಟಮಿನ್ ಅನ್ನೋ ಹೆಸರೇ ಆಗ ಹುಟ್ಟಿರ್ಲಿಲ್ಲ, ಅದು ಬಂದದ್ದು 1912ರಲ್ಲಿ.

ಕೆಂಪಗಿದ್ರೆ ಕುಚ್ಚಲಕ್ಕಿ ಅಂತ ಅಂಗಡಿಯಲ್ಲಿ ವಾದ ಮಾಡೋರು ಇದ್ದಾರೆ, ಅದು ತಪ್ಪು. ಕೆಂಪು ಇರೋದು ತೌಡಿನ ಬಣ್ಣ, ಕಜೆ ಅನ್ನೋ ಕೆಂಪು ಅಕ್ಕಿಯಲ್ಲಿ ತೌಡು ಉಳಿಸಿರ್ತಾರೆ ಅಷ್ಟೆ. ಪೂರ್ತಿ ಪಾಲಿಶ್ ಮಾಡಿದ ಕುಚ್ಚಲಕ್ಕಿ ತೆಳು ಹಳದಿ ಇರ್ತದೆ. ನಮ್ಮ ಮಾವನಿಗೆ ಶುಗರ್ ಉಂಟು, "ಕುಚ್ಚಲಕ್ಕಿ ಅಲ್ವಾ, ಏನಾಗಲ್ಲ" ಅಂತ ಮೂರನೇ ಸಲ ಅನ್ನ ಹಾಕಿಸ್ಕೊಳ್ತಾರೆ. ಬೆಳ್ತಿಗೆಗಿಂತ ಸಾಮಾನ್ಯವಾಗಿ ಸ್ವಲ್ಪ ನಿಧಾನಕ್ಕೆ ಜೀರ್ಣ ಆಗೋದು ಹೌದು, ಆದ್ರೆ ಅದೂ ಪಿಷ್ಟವೇ ಮಾವ, ಮೂರು ಸಲ ಹಾಕಿಸ್ಕೊಂಡ್ರೆ ಲೆಕ್ಕ ಅಲ್ಲಿಗಲ್ಲಿಗೆ.

ಅಮ್ಮ ಥರ್ಮಲ್ ಕುಕ್ಕರ್ ತಗೊಂಡಾಗ ನಂಗೆ ನಂಬಿಕೆ ಇರ್ಲಿಲ್ಲ. ಪಾತ್ರೆಯಲ್ಲಿ ಅಕ್ಕಿ ಸ್ವಲ್ಪ ಹೊತ್ತು ಕುದಿಸಿ ಆ ದಪ್ಪ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿ ಅವರು ಸೀದಾ ಬಟ್ಟೆ ಒಗೆಯೋಕೆ ಹೋಗ್ತಾರೆ, ಬರುವಾಗ ಅನ್ನ ರೆಡಿ. ಬೇಯ್ಬೇಕಂದ್ರೆ ಕೊತಕೊತ ಕುದೀತಾನೇ ಇರ್ಬೇಕು ಅಂತೇನಿಲ್ಲ, 80 ಡಿಗ್ರಿ ಮೇಲೆ ಬಿಸಿ ಇದ್ದು ನೀರಿಗೆ ಒಳಗೆ ಇಳಿಯೋಕೆ ಟೈಮ್ ಸಿಕ್ಕಿದ್ರೆ ಆಯ್ತು. ತಿಳಿ ಬಸಿದು ಚೆಲ್ಲಿದ್ರೆ ಮಾತ್ರ ಬಿ1 ಸ್ವಲ್ಪ ಅದರ ಜೊತೆ ಸಿಂಕಿಗೆ ಹೋಗ್ತದೆ, ಗಂಜಿ ಮಾಡಿ ಉಂಡ್ರೆ ಆ ನಷ್ಟ ಇಲ್ಲ.

ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಡೋ ಅಭ್ಯಾಸ ನಮ್ಮಲ್ಲಿ ಈಗಲೂ ಉಂಟು. ತಣ್ಣಗಾದಾಗ ಪಿಷ್ಟದ ಸ್ವಲ್ಪ ಭಾಗ ಮತ್ತೆ ಬಿಗಿಯಾಗಿ ಜೋಡಿಸ್ಕೊಳ್ತದೆ, ಅದು ಸಣ್ಣ ಕರುಳಲ್ಲಿ ಜೀರ್ಣ ಆಗದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಊಟ ಆಗ್ತದೆ. ಆದ್ರೆ ಮೇ ತಿಂಗಳ ಸೆಕೆಯಲ್ಲಿ ಅನ್ನ ಹೊರಗೇ ಬಿಟ್ರೆ ಬೇರೆ ಬ್ಯಾಕ್ಟೀರಿಯಾವೂ ಬೆಳೀತವೆ, ಬ್ಯಾಸಿಲಸ್ ಸೀರಿಯಸ್ ಅಂತ ಒಂದುಂಟು, ಅದರ ಬೀಜಕಣ ಕುದಿಸಿದ್ರೂ ಸಾಯಲ್ಲ, ಆಮೇಲೆ ಅದು ಮಾಡೋ ಒಂದು ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಹಾಗಾಗಿ ಅಮ್ಮ ಈಗ ನೀರು ಹಾಕಿದ ಅನ್ನವನ್ನು ಫ್ರಿಜ್ಜಲ್ಲೇ ಇಡೋದು, ಬೆಳಿಗ್ಗೆ ಮೊಸರು, ಗಾಂಧಾರಿ ಮೆಣಸು, ಮಿಡಿ ಉಪ್ಪಿನಕಾಯಿ ಹಾಕಿ ಕೊಡ್ತಾರೆ. ಬೆಂಗಳೂರಿನವನು ಅದನ್ನು ಎರಡು ಬಟ್ಟಲು ಹೊಡೆದ, ಬೆಂದಿದೆಯಾ ಇಲ್ವಾ ಅಂತ ಕೇಳ್ಲಿಲ್ಲ.