ಎಣ್ಣೆ ಕುಡಿದ ಮಣ್ಣಿನ ಲೆಕ್ಕ

"ಮಾಲಿನ್ಯ ಮಂಡಳಿಯ ನೋಟಿಸ್ ಇನ್ನೂ ಬಂದಿಲ್ಲವಲ್ಲ, ಹೊಣೆ ಎಲ್ಲಿಂದ ಬಂತು?" ಟಿಸಿ (ಟ್ರಾನ್ಸ್‌ಫಾರ್ಮರ್) ರಿಪೇರಿ ಅಂಗಳದಲ್ಲಿ ಎಣ್ಣೆ ಕುಡಿದ ಮಣ್ಣನ್ನು ಶುಚಿ ಮಾಡುವ ಖರ್ಚಿನ ಬಗ್ಗೆ, ಮಾರ್ಚ್ ಲೆಕ್ಕ ಮುಗಿಸುವಾಗ ವಿದ್ಯುತ್ ಕಂಪನಿಗಳ ಅಕೌಂಟ್ಸ್ ಮೇಜಿನ ಮೇಲೆ ಕೇಳಿಬರುವ ಮಾತಿದು. ಹೊಣೆ ಹುಟ್ಟುವುದು ನೋಟಿಸಿನಿಂದಲ್ಲ. ಶುಚಿ ಮಾಡಲೇಬೇಕೆಂಬ ಕಾನೂನು ಇದ್ದರೆ, ಎಣ್ಣೆ ಮಣ್ಣಿಗಿಳಿದ ದಿನವೇ ಅದು ಹುಟ್ಟಿರುತ್ತದೆ. ಮಾಲಿನ್ಯ ಹಳೆಯದು, ಕಾನೂನು ಹೊಸದು ಎಂದಾದರೆ ಕಾನೂನು ಜಾರಿಯಾದ ದಿನದಿಂದ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರದ ನಿಯಮಗಳು 2025ರ ಜುಲೈನಲ್ಲಿ ಬಂದಿವೆ. ಮಾಲಿನ್ಯಕ್ಕೆ ಕಾರಣರಾದವರನ್ನು ಗುರುತಿಸಿ ಖರ್ಚು ಅವರಿಂದಲೇ ವಸೂಲಿ ಮಾಡುವುದು ಅವುಗಳ ತಿರುಳು. ಹಾಗಾಗಿ ಇಪ್ಪತ್ತು ವರ್ಷ ಹಳೆಯ ಅಂಗಳಗಳ ಕಡತವನ್ನೂ ಈಗ ತೆಗೆಯಬೇಕು.

ಹುಬ್ಬಳ್ಳಿ ಸುತ್ತಿನ ಒಂದು ಟಿಸಿ ರಿಪೇರಿ ಅಂಗಳವನ್ನು ಊಹಿಸಿಕೊಳ್ಳಿ. ಸುಟ್ಟ ಟಿಸಿಯ ಮುಚ್ಚಳ ಬಿಚ್ಚಿ, ಎಣ್ಣೆಯನ್ನು ಬ್ಯಾರೆಲ್‌ಗೆ ಇಳಿಸಿ, ಕಾಯಿಲ್ ಎತ್ತಿ ಪಕ್ಕಕ್ಕಿಡುತ್ತಾರೆ. ಅದು ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಎಷ್ಟು ಸೋರಿತು ಎಂಬುದಕ್ಕೆ ಸ್ಟೋರ್ ರಿಜಿಸ್ಟರೇ ಸಾಕ್ಷಿ: ನೇಮ್‌ಪ್ಲೇಟ್ ಮೇಲಿನ ಎಣ್ಣೆಯ ಲೀಟರ್‌ನಿಂದ ಜಮಾ ಆದ ಲೀಟರ್ ಕಳೆಯಿರಿ. ಹೊಲದಲ್ಲೇ ಸೋರಿದ್ದು, ಕಳುವಾದದ್ದು ಬಿಟ್ಟರೂ ಉಳಿದ ಅಂತರ ಎಲ್ಲಿಗೆ ಹೋಯಿತೆಂದು ಯಾರಾದರೂ ಉತ್ತರಿಸಬೇಕು.

ನಮ್ಮ ಎರಿ (ಕಪ್ಪು) ಮಣ್ಣು ಇಲ್ಲಿ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಉಬ್ಬಿ ನೀರನ್ನೇ ಇಳಿಯಗೊಡದ ಇದು ಬ್ಯಾಸಗಿಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಎಣ್ಣೆ ಆ ಬಿರುಕಿಗುಂಟ ನೇರ ಕೆಳಗಿಳಿಯುತ್ತದೆ. ಮೇಲಿನ ಕಪ್ಪು ಕಲೆಯನ್ನು ಅಳೆದು ಅಂದಾಜು ಕಟ್ಟಿದವರು ಸಿಕ್ಕಿಬೀಳುವುದು ಇಲ್ಲೇ. ಹಾವೇರಿ ಕಡೆಯ ಮಸಾರಿ ಅಂದರೆ ಕೆಂಪು ಮಣ್ಣಿಗೆ ಬೇರೆಯದೇ ಲೆಕ್ಕ. ಕನಿಷ್ಠ ಮೂರು ಆಳದಲ್ಲಿ, ಅಂದರೆ 0.3, 1 ಮತ್ತು 2 ಮೀಟರ್‌ನಲ್ಲಿ ಮಾದರಿ ತೆಗೆಸಿ. ಕೆಳಗಿನದರಲ್ಲೂ ಎಣ್ಣೆ ಸಿಕ್ಕರೆ ಇನ್ನೂ ಇಳಿಯಿರಿ.

ಆಳ ಎಷ್ಟು ದುಬಾರಿ ನೋಡಿ. 20 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗದಲ್ಲಿ 1.5 ಮೀಟರ್ ಅಗೆದರೆ 300 ಘನ ಮೀಟರ್. ಘನ ಮೀಟರ್‌ಗೆ 1.6 ಟನ್‌ನಂತೆ 480 ಟನ್, 16 ಟನ್ನಿನ ಟಿಪ್ಪರ್ 30 ಸಲ. ಅದೂ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಗುಂಡಿಯವರೆಗೆ, ಸುಮಾರು 350 ಕಿ.ಮೀ. ಅಗೆತ, ಸಾಗಣೆ, ವಿಲೇವಾರಿ ಸೇರಿ ಟನ್ನಿಗೆ 8,000 ರೂ. ಎಂದು ಉದಾಹರಣೆಗೆ ಹಿಡಿದರೆ 38.4 ಲಕ್ಷ. ಆಳ 2.5 ಮೀಟರ್ ಆದರೆ 800 ಟನ್, 64 ಲಕ್ಷ. ತಗ್ಗು ಮುಚ್ಚಲು ತರುವ ಮೊರಮಿನ ದರ ಇದರಲ್ಲಿಲ್ಲ; ಅದನ್ನು ಮರೆಯುವವರೇ ಜಾಸ್ತಿ.

ಹಳೆಯ ಟಿಸಿಗಳಿದ್ದರೆ ಎಣ್ಣೆಯಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷಕಾರಿ ರಾಸಾಯನಿಕ) ಇದೆಯೇ ಎಂಬ ಪರೀಕ್ಷೆ ಬೇರೆ ಮಾಡಿಸಿ. 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ದಾಟಿದರೆ ಆ ಎಣ್ಣೆ ಮಾಮೂಲಿ ಮರುಸಂಸ್ಕರಣೆಗೆ ಹೋಗುವಂತಿಲ್ಲ, ಮೇಲಿನ ದರವೂ ನಿಲ್ಲುವುದಿಲ್ಲ. ಒಂದೇ ಫಿಲ್ಟರ್ ಯಂತ್ರ ಹತ್ತೂ ಟಿಸಿಗೆ ಓಡಿದ್ದರೆ ಪಿಸಿಬಿ ಹೊಸದಕ್ಕೂ ಅಂಟಿರುತ್ತದೆ.

ಇನ್ನು ಪುಸ್ತಕಕ್ಕೆ ಬನ್ನಿ. ಇಂಡ್ ಎಎಸ್ 37 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಈಗಾಗಲೇ ಹೊಣೆ ಇದ್ದು, ಹಣ ಹೋಗುವ ಸಾಧ್ಯತೆಯೇ ಹೆಚ್ಚಿದ್ದು, ನಂಬಬಹುದಾದ ಅಂದಾಜು ಸಿಕ್ಕರೆ ಪ್ರಾವಿಷನ್ ಮಾಡಬೇಕು, ಅಂದರೆ ಆ ಮೊತ್ತವನ್ನು ಈಗಲೇ ಹೊಣೆಯೆಂದು ಪುಸ್ತಕದಲ್ಲಿ ತೋರಿಸಬೇಕು. ಕೆಲಸ ಎರಡು ವರ್ಷ ಬಿಟ್ಟು ನಡೆಯುವುದಾದರೆ 38.4 ಲಕ್ಷವನ್ನು ವರ್ಷಕ್ಕೆ ಶೇ 6ರ ಬೆಲೆಯೇರಿಕೆಯಂತೆ 43.15 ಲಕ್ಷಕ್ಕೆ ಏರಿಸಿ, ಶೇ 7.5ರಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ 37.34 ಲಕ್ಷ ಬರೆಯಬೇಕು. ವರ್ಷ ಕಳೆದಂತೆ ಏರುವ ಮೊತ್ತ ಹಣಕಾಸು ವೆಚ್ಚಕ್ಕೆ ಹೋಗುತ್ತದೆ. ಬಜೆಟ್‌ನಲ್ಲಿ ಅನುದಾನ ಇಟ್ಟಿದ್ದೇವೆ ಎಂಬುದು ಪ್ರಾವಿಷನ್ ಅಲ್ಲ.

ಮುಂದೆ ಸೋರದಂತೆ ಕಟ್ಟುವ ಕಾಂಕ್ರೀಟ್ ನೆಲ, ಎಣ್ಣೆ ಗುಂಡಿಯ ಖರ್ಚನ್ನು ಇದೇ ಪ್ರಾವಿಷನ್‌ನೊಳಗೆ ತುರುಕಬೇಡಿ. ಅದು ಬಂಡವಾಳ ವೆಚ್ಚ. ಕಟ್ಟಿದಾಗ ಬರೆದರೆ ಸಾಕು. ರಿಪೇರಿ ಗುತ್ತಿಗೆದಾರನೇ ಕೊಡಬೇಕಲ್ಲ ಎಂದು ಮೊತ್ತ ಕಡಿತ ಮಾಡುವುದೂ ಸಲ್ಲ. ಅವನಿಂದ ಹಣ ಬರುವುದು ಬಹುತೇಕ ಖಚಿತವಿದ್ದಾಗ ಮಾತ್ರ, ಅದೂ ಬೇರೆ ಆಸ್ತಿಯಾಗಿ ತೋರಿಸಬೇಕು. ಭದ್ರತಾ ಠೇವಣಿ ವಾಪಸ್ ಕೊಟ್ಟು, ಗುತ್ತಿಗೆಯೂ ಮುಗಿದಿದ್ದರೆ ಆ ಖಚಿತತೆ ಎಲ್ಲಿ ಉಳಿಯಿತು? ವಿದ್ಯುತ್ ದರ ಪರಿಷ್ಕರಣೆಯಲ್ಲಿ ಕೆಇಆರ್‌ಸಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ಈ ಖರ್ಚನ್ನು ಒಪ್ಪಬಹುದೆಂಬ ಆಸೆಗೂ ಇದೇ ಮಾತು.