ಚರ್ಮದ ಸೀಟು ಕೆಳಗಿನಿಂದ ನೆನೆಯುತ್ತದೆ

ಮಳೆ ಬಂದಾಗ ಸೈಕಲ್ ಸೀಟಿಗೆ ಪ್ಲಾಸ್ಟಿಕ್ ಕವರ್ ಕಟ್ಟುವವರನ್ನು ನೋಡಿರುತ್ತೀರಿ, ಅಲ್ವಾ? ನನ್ನ ಚರ್ಮದ ಸೀಟಿಗೆ ನಾನೂ ಕಟ್ಟುತ್ತಿದ್ದೆ. ಒಂದು ದಿನ ಸುಮ್ನೆ ಸೀಟಿನ ಅಡಿಗೆ ಕೈ ಹಾಕಿದೆ. ಒದ್ದೆ ಚಪ್ಪಲಿ ಮುಟ್ಟಿದ ಹಾಗಾಯಿತು. ಮೇಲೆ ಕವರ್ ಇದ್ದರೇನು, ಹಿಂದಿನ ಚಕ್ರ ರಸ್ತೆಯ ನೀರನ್ನೆಲ್ಲ ಅಡಿಗೇ ಎರಚುತ್ತಿತ್ತು.

ಸೀಟಿನ ಮೇಲ್ಮೈ ನುಣುಪು, ಮೇಣ ಉಜ್ಜಿದ್ದು. ಅಡಿಭಾಗ ಹಾಗಲ್ಲ. ಅದು ದನದ ಮಾಂಸಕ್ಕೆ ಅಂಟಿಕೊಂಡಿದ್ದ ಒಳಮೈ. ನಾರುನಾರಾಗಿ ಇರುತ್ತದೆ. ಬತ್ತಿ ಎಣ್ಣೆ ಹೀರುವ ಹಾಗೆ ನೀರು ಹೀರುತ್ತದೆ.

ಈ ಸೀಟಿನಲ್ಲಿ ಸ್ಪಂಜಿಲ್ಲ. ಸುಮಾರು 5 ಮಿಲಿಮೀಟರ್ ದಪ್ಪದ ಚರ್ಮವನ್ನು ಹಿಂದೆ, ಮುಂದೆ ರಿವೆಟ್ ಹೊಡೆದು ಜೋಲಿಯಂತೆ ಬಿಗಿದಿರುತ್ತಾರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆ ಸಾಮಾನು ಮಾಡುತ್ತಿದ್ದ ಜಾನ್ ಬ್ರೂಕ್ಸ್ 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆದ. ಅವನ ಕುದುರೆ ಸತ್ತಿತು, ಸೈಕಲ್ ಹತ್ತಿದ, ಸೀಟು ನೋಯಿಸಿತು, ಅದಕ್ಕೇ ತಾನೇ ಒಂದು ಮಾಡಿದ ಎಂಬುದು ಅವನ ಹೆಸರಿನ ಕಂಪನಿ ಹೇಳುವ ಕಥೆ.

ಚರ್ಮದಲ್ಲಿ ಜಾಸ್ತಿ ಇರುವುದು ಕೊಲಾಜನ್ ಎಂಬ ಪ್ರೋಟೀನ್. ಮೂರು ಎಳೆ ಹೊಸೆದ ಹಗ್ಗ ಅನ್ನಿ. ಹಸಿ ತೊಗಲು ಕೊಳೆಯದಂತೆ ಹದ ಮಾಡುವಾಗ ಟ್ಯಾನಿನ್ ಈ ಹಗ್ಗಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಟ್ಯಾನಿನ್ ನಮಗೆ ಹೊಸದಲ್ಲ. ಎಳೆ ಅಡಿಕೆ ತಿಂದಾಗ ನಾಲಿಗೆ ಹಿಡಿಯುವ ಚೊಗರು ಅದೇ. ಅಲ್ಲಿ ಅದು ಜೊಲ್ಲಿನ ಪ್ರೋಟೀನನ್ನು ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುತ್ತಿದ್ದದ್ದೂ ಈ ಚೊಗರಿಗಾಗಿಯೇ.

ನೀರು ಒಳಗೆ ಹೋದರೆ ಎಳೆಗಳ ಹಿಡಿತ ಸಡಿಲವಾಗುತ್ತದೆ. ಒಂದರ ಮೇಲೊಂದು ಜಾರುತ್ತವೆ. ಸೀಟು ಬರೀ ನೆನೆದು ತಾನಾಗಿ ಒಣಗಿದರೆ ಅಷ್ಟೇನೂ ಕೆಡುವುದಿಲ್ಲ. ನೆನೆದಾಗ ಅದರ ಮೇಲೆ ಕೂತು ಹಳ್ಳದ ರಸ್ತೆಯಲ್ಲಿ ಹೊರಟರೆ ಚರ್ಮ ಜಗ್ಗುತ್ತದೆ, ಜಗ್ಗಿದ ಆಕಾರದಲ್ಲೇ ಒಣಗುತ್ತದೆ. ತಮಾಷೆ ಅಂದರೆ, ಹೊಸ ಸೀಟು ನಮಗೆ ಹೊಂದಿಕೊಳ್ಳುವುದೂ ಹೀಗೇ. ಬೆವರಿನ ಪಸೆ, ಮೈಭಾರ ಸೇರಿ ಕೂರುವ ಮೂಳೆಗಳ ಜಾಗದಲ್ಲಿ ಎರಡು ಗುಳಿ ಬೀಳುತ್ತವೆ. ತಿಂಗಳುಗಟ್ಟಲೆ ಆಗಬೇಕಾದ ಕೆಲಸವನ್ನು ಒಂದು ಜಡಿಮಳೆ ಒಂದೇ ದಿನಕ್ಕೆ ಮಾಡಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ.

ಒದ್ದೆ ಸೀಟನ್ನು ಒಲೆಯ ಪಕ್ಕ ಇಡುವುದು ಇನ್ನೂ ಕೆಟ್ಟದ್ದು. ಒದ್ದೆಯಿದ್ದಾಗ ಬಿಸಿ ಜೋರಾದರೆ ಕೊಲಾಜನ್ ಹುರಿ ಬಿಚ್ಚಿ ಮುದುಡುತ್ತದೆ. ಅದು ಮತ್ತೆ ಹಿಂದಿನಂತಾಗುವುದಿಲ್ಲ. ನೆರಳಲ್ಲಿ, ಗಾಳಿಯಾಡುವ ಕಡೆ ಒಂದೆರಡು ದಿನ ಬಿಡಿ.

ಒಣಗಿದ ಮೇಲೆ ಮೇಣ, ಕೊಬ್ಬು ಸೇರಿದ ಮುಲಾಮನ್ನು ತೆಳ್ಳಗೆ ಉಜ್ಜಬೇಕು, ಅಡಿಭಾಗಕ್ಕೂ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಸುರಿಯಬೇಡಿ, ಚರ್ಮ ಮೆತ್ತಗಾಗಿ ಜೋಲುತ್ತದೆ. ಸೀಟಿನ ಮೂತಿಯ ಕೆಳಗೆ ಚರ್ಮವನ್ನು ಎಳೆದು ಹಿಡಿಯುವ ಬೋಲ್ಟನ್ನು ಪದೇ ಪದೇ ಬಿಗಿಯುವ ಚಪಲವೂ ಬೇಡ. ರಿವೆಟ್ ಹತ್ತಿರ ಚರ್ಮ ಹರಿದೀತು. ಕವರ್ ಹಾಕುವುದಾದರೆ ಸೈಕಲ್ ಹೊರಗೆ ನಿಂತಿರುವಷ್ಟು ಹೊತ್ತು ಮಾತ್ರ. ಒಳಗೆ ಪಸೆ ಕೂತರೆ ಬೂಸ್ಟು ಹಿಡಿಯುತ್ತದೆ.

ನಾನೀಗ ಹಿಂದಿನ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಹಾಕಿಸಿದ್ದೇನೆ. ಸಾಲದ್ದಕ್ಕೆ ನೀರಿನ ಬಾಟಲಿ ಕತ್ತರಿಸಿ ಸೀಟಿನ ಕೆಳಗಿನ ಕಂಬಿಗಳಿಗೆ ಸಿಕ್ಕಿಸಿದ್ದೇನೆ. ನೋಡಲು ಚೆಂದವಿಲ್ಲ. ಮಳೆ ನಿಂತ ಮೇಲೆ ಅಡಿಗೆ ಕೈ ಹಾಕಿ ನೋಡಿದರೆ ಒಣಗಿಯೇ ಇರುತ್ತದೆ.