ಫ್ರಾನ್ಸಿನಲ್ಲಿ ಫ್ರೆಂಚ್ ಬಲ್ಲವರು ಎಷ್ಟು ಮಂದಿ?

1790ರ ಆಗಸ್ಟ್ ತಿಂಗಳಲ್ಲಿ ಆನ್ರಿ ಗ್ರೆಗ್ವಾರ್ ಎಂಬ ಪಾದ್ರಿ 43 ಪ್ರಶ್ನೆಗಳ ಪಟ್ಟಿಯೊಂದನ್ನು ಬರೆದು ಫ್ರಾನ್ಸಿನ ನಾನಾ ಕಡೆಗೆ ಕಳುಹಿಸಿದ. ಕ್ರಾಂತಿ ನಡೆದು ಒಂದು ವರ್ಷವಾಗಿತ್ತು; ಅವನು ರಾಷ್ಟ್ರೀಯ ಸಭೆಯ ಸದಸ್ಯನೂ ಆಗಿದ್ದ. ನಿಮ್ಮ ಸೀಮೆಯಲ್ಲಿ ಎಲ್ಲರೂ ಫ್ರೆಂಚ್ ಆಡುತ್ತಾರೆಯೇ? ಚರ್ಚಿನಲ್ಲಿ ಉಪದೇಶ ಯಾವ ಮಾತಿನಲ್ಲಿ ನಡೆಯುತ್ತದೆ? ಇಂಥ ಸಾಧು ಪ್ರಶ್ನೆಗಳ ನಡುವೆ ಇನ್ನೊಂದು ಪ್ರಶ್ನೆ ಮೆಲ್ಲಗೆ ನುಸುಳಿತ್ತು: ಈ ಆಡುಮಾತನ್ನು ಪೂರ್ತಿಯಾಗಿ ಇಲ್ಲವಾಗಿಸುವುದರಿಂದ ಧರ್ಮಕ್ಕೂ ರಾಜಕೀಯಕ್ಕೂ ಎಷ್ಟು ಪ್ರಯೋಜನ?

1794ರ ಜೂನ್ 4ರಂದು ಅವನು ಸಭೆಯ ಮುಂದಿಟ್ಟ ವರದಿಯ ಲೆಕ್ಕ ಹೀಗಿತ್ತು. ಕನಿಷ್ಠ 60 ಲಕ್ಷ ಮಂದಿಗೆ ಫ್ರೆಂಚ್ ಗೊತ್ತೇ ಇಲ್ಲ. ಇನ್ನೂ 60 ಲಕ್ಷ ಮಂದಿ ಆ ಭಾಷೆಯಲ್ಲಿ ಒಂದು ಮಾತುಕತೆಯನ್ನು ಕೊನೆಯವರೆಗೆ ನಡೆಸಲಾರರು. ಶುದ್ಧವಾಗಿ ಆಡಬಲ್ಲವರು 30 ಲಕ್ಷ ದಾಟುವುದಿಲ್ಲ. ದೇಶದ ಒಟ್ಟು ಜನಸಂಖ್ಯೆ ಆಗ ಸುಮಾರು 2 ಕೋಟಿ 80 ಲಕ್ಷ. ವಾಯವ್ಯದ ಬ್ರಿಟನಿಯಲ್ಲಿ ಬ್ರೆಟನ್, ದಕ್ಷಿಣದಲ್ಲಿ ಆಕ್ಸಿಟನ್ನಿನ ಬಗೆಬಗೆಯ ರೂಪಗಳು, ಪಿರೆನೀಸ್ ತಪ್ಪಲಿನಲ್ಲಿ ಬಾಸ್ಕ್, ಪೂರ್ವದ ಅಲ್ಸೇಸ್‌ನಲ್ಲಿ ಜರ್ಮನ್ ನುಡಿ. ಜಗತ್ತಿಗೆ ರಾಷ್ಟ್ರೀಯತೆಯ ಪಾಠ ಹೇಳಿಕೊಟ್ಟ ದೇಶದ ಆರಂಭದ ಸ್ಥಿತಿ ಇದು.

ರಾಜನಿಗೆ ಇದೊಂದು ತೊಂದರೆಯೇ ಆಗಿರಲಿಲ್ಲ. ತೆರಿಗೆ ಬಂದರೆ ಸಾಕು. ರೈತ ಮನೆಯಲ್ಲಿ ಯಾವ ಮಾತಿನಲ್ಲಿ ಬೈದುಕೊಂಡರೆ ಅವನಿಗೇನು? ಪ್ರಜೆಗಳನ್ನು ಒಟ್ಟಿಗಿಟ್ಟಿದ್ದು ಸಿಂಹಾಸನವೇ ಹೊರತು ಅವರ ನಡುವಿನ ಹೋಲಿಕೆಯಲ್ಲ. 1789ರ ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆ ಈ ಏರ್ಪಾಡನ್ನು ತಲೆಕೆಳಗು ಮಾಡಿತು. ಅದರ ಮೂರನೆಯ ವಿಧಿಯ ಪ್ರಕಾರ ಸಾರ್ವಭೌಮತ್ವದ ಮೂಲ ರಾಷ್ಟ್ರದಲ್ಲಿದೆ. ಸರಿ, ರಾಷ್ಟ್ರವೇ ಒಡೆಯ ಎಂದಾದ ಮೇಲೆ ಆ ಒಡೆಯ ಯಾರು, ಅವನಿಗೆ ತನ್ನದೇ ಹೆಸರಿನಲ್ಲಿ ಬರೆದ ಕಾನೂನು ಅರ್ಥವಾಗುತ್ತದೆಯೇ ಎಂಬ ಪ್ರಶ್ನೆ ತಪ್ಪುವುದಿಲ್ಲ. ಕ್ರಾಂತಿಕಾರರು ಮೊದಲು ಸೌಮ್ಯವಾಗಿಯೇ ಹೊರಟರು: 1790ರ ಜನವರಿಯಲ್ಲಿ ಕಾನೂನುಗಳನ್ನು ಪ್ರಾಂತ್ಯಗಳ ನುಡಿಗಳಿಗೆ ಅನುವಾದಿಸಲು ತೀರ್ಮಾನಿಸಿದರು. ನಾಲ್ಕೇ ವರ್ಷದಲ್ಲಿ ಆ ತಾಳ್ಮೆ ಬತ್ತಿತು. 1794ರ ಜನವರಿ 27ರಂದು ಬಾರೇರ್ ಎಂಬ ಮುಖಂಡ ಸಭೆಯಲ್ಲಿ ಗುಡುಗಿದ: ಮೂಢನಂಬಿಕೆ ಬ್ರೆಟನ್ ಮಾತನಾಡುತ್ತದೆ, ಗಣರಾಜ್ಯದ ಮೇಲಿನ ದ್ವೇಷ ಜರ್ಮನ್ ಮಾತನಾಡುತ್ತದೆ, ಪ್ರತಿಕ್ರಾಂತಿ ಇಟಾಲಿಯನ್ ಮಾತನಾಡುತ್ತದೆ, ಮತಾಂಧತೆ ಬಾಸ್ಕ್ ಮಾತನಾಡುತ್ತದೆ. ನಿನ್ನೆಯವರೆಗೆ ಬರೀ ಬಡ ರೈತನಾಗಿದ್ದವನು ಬಾಯಿ ತೆರೆದ ಮಾತ್ರಕ್ಕೇ ಸಂಶಯಕ್ಕೆ ಗುರಿಯಾದ.

ತಾಳ್ಮೆ ಬತ್ತಿದ್ದಕ್ಕೆ ಯುದ್ಧವೇ ಮುಖ್ಯ ಕಾರಣ. 1792ರ ಸೆಪ್ಟೆಂಬರ್ 20ರಂದು ವಾಲ್ಮಿಯ ಬಯಲಿನಲ್ಲಿ ಪ್ರಷ್ಯದ ಸೇನೆಯನ್ನು ಎದುರಿಸಿದ ಫ್ರೆಂಚ್ ಸೈನಿಕರು ಕೂಗಿದ್ದು ರಾಜನಿಗೆ ಜಯವಾಗಲಿ ಎಂದಲ್ಲ, ರಾಷ್ಟ್ರಕ್ಕೆ ಜಯವಾಗಲಿ ಎಂದು. 1793ರ ಆಗಸ್ಟ್ 23ರ ಆದೇಶವಂತೂ ಇಡೀ ಜನತೆಯನ್ನೇ ಸೇನೆಗೆ ಸೇರಿಸಿಕೊಂಡಿತು. ತರುಣರು ರಣರಂಗಕ್ಕೆ ಹೋಗಬೇಕು. ಮದುವೆಯಾದವರು ಆಯುಧ ತಯಾರಿಸಿ ದವಸಧಾನ್ಯ ಸಾಗಿಸಬೇಕು. ಹೆಂಗಸರು ಡೇರೆ, ಬಟ್ಟೆ ಹೊಲಿದು ಆಸ್ಪತ್ರೆಗಳಲ್ಲಿ ದುಡಿಯಬೇಕು. ಮಕ್ಕಳು ಹಳೆಯ ಬಟ್ಟೆ ಬಿಡಿಸಿ ಗಾಯಕ್ಕೆ ಕಟ್ಟುವ ನೂಲು ಮಾಡಬೇಕು. ಮುದುಕರು ತಮ್ಮನ್ನು ಊರ ಚೌಕಕ್ಕೆ ಹೊತ್ತೊಯ್ಯಿಸಿಕೊಂಡು ಯೋಧರಿಗೆ ಹುರುಪು ತುಂಬಬೇಕು, ರಾಜರ ಮೇಲಿನ ದ್ವೇಷವನ್ನೂ ಗಣರಾಜ್ಯದ ಐಕ್ಯವನ್ನೂ ಬೋಧಿಸಬೇಕು. ಎಳೆಯರಿಂದ ಮುದುಕರವರೆಗೆ ಒಬ್ಬರೂ ಬಿಟ್ಟುಹೋಗಿಲ್ಲ. ಹಿಂದಿನ ಯಾವ ರಾಜನೂ ತನ್ನ ಪ್ರಜೆಗಳಿಂದ ಇಷ್ಟನ್ನು ಕೇಳುವ ಧೈರ್ಯ ಮಾಡಿರಲಿಲ್ಲ.

ಕೇಳಿದ್ದಕ್ಕೆಲ್ಲ ಹಳ್ಳಿ ಹೂಂ ಅನ್ನಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ, ಮೂರು ಲಕ್ಷ ಮಂದಿಯನ್ನು ಸೇನೆಗೆ ಸೇರಿಸಲು ಹೊರಟಾಗ ಪಶ್ಚಿಮದ ವಾಂದೆ ಸೀಮೆಯ ರೈತರು ದಂಗೆ ಎದ್ದಿದ್ದರು. ಅದನ್ನು ಅಡಗಿಸುವಷ್ಟರಲ್ಲಿ ರಕ್ತದ ಕೋಡಿ ಹರಿಯಿತು. ರಾಷ್ಟ್ರ ಎಂಬುದು ಪ್ಯಾರಿಸ್ಸಿನಲ್ಲಿ ಹುಟ್ಟಿತ್ತು, ಹಳ್ಳಿಗೆ ಇನ್ನೂ ತಲುಪಿರಲಿಲ್ಲ.

ಫ್ರಾನ್ಸಿನ ಹಳ್ಳಿಗೆ ತಲುಪುವ ಮೊದಲೇ ಅದು ನೆರೆಯ ದೇಶಗಳಿಗೆ ತಲುಪಿದ್ದು ವಿಚಿತ್ರ. ನೆಪೋಲಿಯನ್ನನ ಸೇನೆ ಹೋದಲ್ಲೆಲ್ಲ ಫ್ರೆಂಚರ ವಿರುದ್ಧವೇ ಅದು ಮೊಳೆಯಿತು. 1808ರಲ್ಲಿ ಸ್ಪೇನ್ ದಂಗೆ ಎದ್ದಿತು. ಅದಕ್ಕೆ ತುಸು ಮುಂಚೆ, ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಬರ್ಲಿನ್ನಿನಲ್ಲಿ ತತ್ವಜ್ಞಾನಿ ಫಿಕ್ಟೆ 1807-08ರ ಚಳಿಗಾಲದಲ್ಲಿ ಜರ್ಮನ್ ರಾಷ್ಟ್ರವನ್ನು ಕುರಿತು ಸರಣಿ ಉಪನ್ಯಾಸ ಕೊಟ್ಟ. ಜರ್ಮನಿ ಎಂಬ ರಾಜ್ಯವೇ ಆಗ ಇರಲಿಲ್ಲ. ಇಲ್ಲದ ರಾಜ್ಯಕ್ಕೆ ಬುನಾದಿಯಾಗಿ ಅವನು ತೋರಿಸಿದ್ದು ಭಾಷೆಯನ್ನು.

ರಾಷ್ಟ್ರಕ್ಕೆ ಬುನಾದಿ ಭಾಷೆ ಎಂಬ ವಾದವೂ ಜನರ ಇಚ್ಛೆ ಎಂಬ ವಾದವೂ ಮುಖಾಮುಖಿಯಾದದ್ದು ಅಲ್ಸೇಸ್‌ನಲ್ಲಿ. 1870-71ರ ಯುದ್ಧದಲ್ಲಿ ಗೆದ್ದ ಜರ್ಮನಿ ಅಲ್ಸೇಸನ್ನೂ ಲೊರೇನ್‌ನ ಒಂದು ಭಾಗವನ್ನೂ ಕಿತ್ತುಕೊಂಡಿತು. ಅಲ್ಲಿನವರು ಜರ್ಮನ್ ಆಡುತ್ತಾರೆ, ಆದ್ದರಿಂದ ಅವರು ಜರ್ಮನರು ಎಂಬುದು ಅತ್ತಲಿನ ವಿದ್ವಾಂಸರ ನಿಲುವು. ಫ್ರೆಂಚ್ ಇತಿಹಾಸಕಾರ ಫುಸ್ತೆಲ್ ದ ಕೂಲಾಂಜ್ ಇದಕ್ಕೆ ಉತ್ತರವಾಗಿ, ಜನರು ತಾವು ಯಾರಿಗೆ ಸೇರಿದವರೆಂದು ಭಾವಿಸುತ್ತಾರೋ ಅದೇ ಮುಖ್ಯ, ಭಾಷೆಯಲ್ಲ ಎಂದು ವಾದಿಸಿದ. ಈ ವಾದದ ಅತ್ಯಂತ ಪ್ರಸಿದ್ಧ ರೂಪ ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ 1882ರ ಮಾರ್ಚ್ 11ರಂದು ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣ. ರಾಷ್ಟ್ರವೆಂದರೆ ದಿನದಿನವೂ ನಡೆಯುವ ಜನಮತಗಣನೆ ಎಂದ ಅವನ ಮಾತನ್ನು ಇಂದಿಗೂ ಎಲ್ಲರೂ ಉದ್ಧರಿಸುತ್ತಾರೆ. ಅಷ್ಟಾಗಿ ಉದ್ಧರಿಸದ ಒಂದು ಮಾತೂ ಅದೇ ಭಾಷಣದಲ್ಲಿದೆ: ಭಾಷೆಯ ಏಕತೆಗಾಗಿ ಫ್ರಾನ್ಸ್ ಎಂದೂ ಬಲವಂತ ಮಾಡಲಿಲ್ಲ, ಅದು ಅದರ ಹಿರಿಮೆ.

ಹೇಳಿದವನು ಹುಟ್ಟಿದ್ದು ಬ್ರಿಟನಿಯ ತ್ರೆಗಿಯೆ ಎಂಬ ಊರಿನಲ್ಲಿ, ಬ್ರೆಟನ್ ಮಾತಿನ ನಡುವೆ. ಗ್ರೆಗ್ವಾರ್‌ನ ಪ್ರಶ್ನೆ, ಬಾರೇರ್‌ನ ಗುಡುಗು ಎಲ್ಲವೂ ದಾಖಲೆಯಲ್ಲಿದ್ದವು. ರಾಷ್ಟ್ರ ಕಟ್ಟುವುದಕ್ಕೆ ಮರೆವೂ ಬೇಕು, ಇತಿಹಾಸದ ತಪ್ಪು ತಿಳಿವಳಿಕೆಯೂ ಬೇಕು ಎಂದು ಆ ಭಾಷಣದಲ್ಲೇ ರೆನಾನ್ ಹೇಳುತ್ತಾನೆ. ತನ್ನ ಸಿದ್ಧಾಂತಕ್ಕೆ ತಾನೇ ಉದಾಹರಣೆಯಾದ ಚಿಂತಕರು ಅಪರೂಪ.

ಆ ಭಾಷಣದ ಹದಿನೇಳು ದಿನಗಳ ನಂತರ, ಮಾರ್ಚ್ 28ರಂದು, ಶಿಕ್ಷಣ ಸಚಿವ ಜೂಲ್ ಫೆರಿಯ ಶಾಲಾ ಕಾಯ್ದೆ ಜಾರಿಗೆ ಬಂತು. ಆರರಿಂದ ಹದಿಮೂರು ವರ್ಷದ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯ. ಶುಲ್ಕವನ್ನು ಹಿಂದಿನ ವರ್ಷವೇ ತೆಗೆದುಹಾಕಲಾಗಿತ್ತು. ಕಲಿಸುವ ಭಾಷೆ ಫ್ರೆಂಚ್. ಬ್ರಿಟನಿಯ ಅನೇಕ ಶಾಲೆಗಳಲ್ಲಿ ಬ್ರೆಟನ್ ಮಾತನಾಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಒಂದು ಮರದ ತುಂಡನ್ನೋ ಹಳೆಯ ಮರದ ಪಾದರಕ್ಷೆಯನ್ನೋ ನೇತುಹಾಕುತ್ತಿದ್ದರು. ಅದರಿಂದ ಬಿಡುಗಡೆ ಬೇಕೆಂದರೆ ತಪ್ಪು ಮಾಡಿದ ಇನ್ನೊಬ್ಬ ಹುಡುಗನನ್ನು ತಾನೇ ಹಿಡಿದುಕೊಡಬೇಕು. ದಿನದ ಕೊನೆಗೆ ಅದು ಯಾರ ಕೊರಳಿನಲ್ಲಿದೆಯೋ ಅವನಿಗೆ ಶಿಕ್ಷೆ. ಗೆಳೆಯರನ್ನೇ ಗೂಢಚಾರರನ್ನಾಗಿಸಿದ ಈ ಉಪಾಯದಲ್ಲಿ ಮೇಷ್ಟರು ಕೈ ಎತ್ತುವ ಅಗತ್ಯವೇ ಹೆಚ್ಚು ಬೀಳುತ್ತಿರಲಿಲ್ಲ. ಕನ್ನಡ ಮಾತನಾಡಿದ್ದಕ್ಕೆ ದಂಡ ಹಾಕುವ ಇಂಗ್ಲಿಷ್ ಮಾಧ್ಯಮ ಶಾಲೆಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಾಗೆಂದು ಎಲ್ಲವನ್ನೂ ಬಲವಂತದ ಲೆಕ್ಕಕ್ಕೆ ಬರೆದುಬಿಡುವುದನ್ನು ನಾನು ಒಪ್ಪುವುದಿಲ್ಲ. 1863ರ ಸರ್ಕಾರಿ ಸಮೀಕ್ಷೆಯಲ್ಲಿ 37,510 ಊರಾಡಳಿತಗಳ ಪೈಕಿ 8,381ರಲ್ಲಿ ಫ್ರೆಂಚ್ ಬಳಕೆಯೇ ಇರಲಿಲ್ಲ. ಆಮೇಲಿನ ಅರ್ಧ ಶತಮಾನದಲ್ಲಿ ಆ ಚಿತ್ರ ಬದಲಾಗಿದ್ದಕ್ಕೆ ಶಿಕ್ಷೆಯ ಜೊತೆಗೆ ಆಸೆಯೂ ಕಾರಣ. ರೈಲು ಹಳ್ಳಿಯ ಹತ್ತಿರಕ್ಕೆ ಬಂತು. ಅಂಚೆ ಕಚೇರಿ, ರೈಲ್ವೆ, ಶಾಲೆಗಳಲ್ಲಿ ಓದಿದವನಿಗೆ ನೌಕರಿ ಸಿಕ್ಕಿತು. ಸೇನೆಗೆ ಹೋದ ಮಗ ಫ್ರೆಂಚಿನಲ್ಲಿ ಪತ್ರ ಬರೆದ. ಮಗ ತನ್ನಂತೆ ನೇಗಿಲು ಹಿಡಿಯುವುದು ಬೇಡ ಎಂದ ಅಪ್ಪನೇ ಮೇಷ್ಟರ ಪರ ನಿಂತ. ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಗೆಲ್ನರ್ ವಾದದ ತಿರುಳೂ ಇದೇ. ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ನಿಂತು ಕಲಿಯುವ ಕೆಲಸಕ್ಕೆ ಊರ ಮಾತು ಸಾಕು. ಅಪರಿಚಿತರ ಜೊತೆ, ಲಿಖಿತ ಸೂಚನೆ ಓದಿಕೊಂಡು, ಇಂದು ಈ ಕೆಲಸ ನಾಳೆ ಆ ಕೆಲಸ ಎಂದು ಬದಲಾಯಿಸುವ ಕೈಗಾರಿಕಾ ಸಮಾಜಕ್ಕೆ ಎಲ್ಲರಿಗೂ ಒಂದೇ ಬಗೆಯ ಶಾಲೆ ಬೇಕು. ಅಂಥ ಶಾಲೆಯನ್ನು ನಡೆಸುವ ಶಕ್ತಿ ಇರುವುದು ರಾಜ್ಯಕ್ಕೆ ಮಾತ್ರ. ರಾಷ್ಟ್ರೀಯತೆಯ ಇನ್ನೊಬ್ಬ ವಿದ್ವಾಂಸ ಬೆನೆಡಿಕ್ಟ್ ಆಂಡರ್ಸನ್ ಇದಕ್ಕೆ ಮುದ್ರಣವನ್ನು ಸೇರಿಸುತ್ತಾನೆ: ಒಂದೇ ಪತ್ರಿಕೆಯನ್ನು ಒಂದೇ ಬೆಳಿಗ್ಗೆ ಓದುವ ಲಕ್ಷಾಂತರ ಜನ ಒಬ್ಬರನ್ನೊಬ್ಬರು ಕಾಣದೆಯೇ ತಮ್ಮವರೆಂದು ಕಲ್ಪಿಸಿಕೊಳ್ಳುತ್ತಾರೆ. ಹಳೆಯ ಕಥೆ, ಹಳೆಯ ನೆನಪು, ಹಳೆಯ ಹೆಸರುಗಳಿಲ್ಲದ ಕಡೆ ಬರೀ ಶಾಲೆ, ಪತ್ರಿಕೆಗಳಿಂದ ರಾಷ್ಟ್ರ ಹುಟ್ಟಲಾರದು ಎಂದು ಸಮಾಜಶಾಸ್ತ್ರಜ್ಞ ಆಂಥನಿ ಸ್ಮಿತ್ ಆಕ್ಷೇಪಿಸಿದ. ಗೆಲ್ನರ್‌ನ ಚೌಕಟ್ಟಿಗೆ ಒಗ್ಗದ ಸಂಗತಿಗಳೂ ಇವೆ. ಕಾರ್ಖಾನೆಗಳೇ ಇಲ್ಲದ ಗ್ರೀಸ್ 1821ರಲ್ಲೇ ತುರ್ಕರ ವಿರುದ್ಧ ಎದ್ದಿತ್ತು.

1914ರ ಆಗಸ್ಟ್‌ನಲ್ಲಿ ಸೇನೆಗೆ ಕರೆ ಬಂದಾಗ ನೂರಕ್ಕೆ ಹದಿಮೂರು ಮಂದಿ ತಪ್ಪಿಸಿಕೊಳ್ಳಬಹುದು ಎಂಬುದು ಫ್ರೆಂಚ್ ಅಧಿಕಾರಿಗಳ ಅಂದಾಜಾಗಿತ್ತು. ತಪ್ಪಿಸಿಕೊಂಡವರು ನೂರಕ್ಕೆ ಒಂದೂವರೆಯಷ್ಟೇ. ಮುತ್ತಜ್ಜಂದಿರು ಸೇನಾಭರ್ತಿಯ ವಿರುದ್ಧ ದಂಗೆ ಎದ್ದಿದ್ದ ವಾಂದೆಯಿಂದಲೂ ತರುಣರು ಹೋದರು, ಬ್ರಿಟನಿಯಿಂದಲೂ ಹೋದರು. ನಾಲ್ಕು ವರ್ಷಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಫ್ರೆಂಚ್ ಸೈನಿಕರು ಸತ್ತರು. ಅವರ ಹೆಸರು ಕೆತ್ತಿದ ಸ್ಮಾರಕ ಇಲ್ಲದ ಹಳ್ಳಿ ಫ್ರಾನ್ಸಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಬ್ರೆಟನ್ ಈಗ ಬಹುಪಾಲು ಮುದುಕರ ಭಾಷೆ. ಅದನ್ನು ಉಳಿಸಲೆಂದು 1977ರಲ್ಲಿ, ಮಕ್ಕಳಿಗೆ ಎಲ್ಲವನ್ನೂ ಬ್ರೆಟನ್ನಿನಲ್ಲೇ ಕಲಿಸುವ ದಿವಾನ್ ಶಾಲೆಗಳು ಶುರುವಾದವು. 1992ರಲ್ಲಿ ಫ್ರಾನ್ಸ್ ತನ್ನ ಸಂವಿಧಾನಕ್ಕೆ ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ವಾಕ್ಯ ಸೇರಿಸಿತು. ಆ ವಾಕ್ಯವನ್ನೇ ಆಧಾರವಾಗಿಟ್ಟುಕೊಂಡು 2021ರ ಮೇ 21ರಂದು ಸಂವಿಧಾನ ಮಂಡಳಿಯು, ಸಂಸತ್ತು ಆಗಷ್ಟೇ ಅಂಗೀಕರಿಸಿದ್ದ ಪ್ರಾದೇಶಿಕ ಭಾಷೆಗಳ ಕಾಯ್ದೆಯಿಂದ ಇಂಥ ಬೋಧನೆಗೆ ಅವಕಾಶ ಕೊಡುವ ವಿಧಿಯನ್ನು ತೆಗೆದುಹಾಕಿತು. ಕಾಯ್ದೆಯನ್ನು ಮಂಡಿಸಿದ್ದ ಸಂಸದ ಪಾಲ್ ಮೊಲಾಕ್ ಬ್ರಿಟನಿಯವನು.